ನೀರಿದೆ, ತೂಬು ಮಾತ್ರ ಎತ್ತಲ್ಲ

ಸಂವಿಧಾನದ 359ನೇ ವಿಧಿಯನ್ನು ಮಂಡ್ಯದ ರೈತನಿಗೆ ಯಾವ ವಕೀಲರೂ ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದೆ, ವಿಶ್ವೇಶ್ವರಯ್ಯ ನಾಲೆ ಒಣಗಿದೆ ಅಂದುಕೊಳ್ಳಿ. ಕೇಳಲು ಹೋದರೆ ಸಾಹೇಬರು, 'ನಿಮ್ಮ ನೀರನ್ನು ಯಾರು ಮುಟ್ಟಿದ್ದಾರ್ರೀ? ಅಲ್ಲೇ ಇದೆ. ತೂಬು ಮಾತ್ರ ಎತ್ತಲ್ಲ' ಅಂತಾರೆ. ಈ ವಿಧಿಯಡಿ ಹೊರಡುವ ಯುದ್ಧಕಾಲದ ರಾಷ್ಟ್ರಪತಿ ಆದೇಶವೂ ಹಾಗೇ. ಮೂಲಭೂತ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ; ಅದನ್ನು ಹಿಡಿದು ಕೋರ್ಟಿಗೆ ಹೋಗಬೇಡಿ ಅನ್ನುತ್ತದೆ, ಅಷ್ಟೇ.

ಯುದ್ಧಕಾಲ ಎಂದರೆ ಎಷ್ಟು ಕಾಲ? 1962ರ ಚೀನಾ ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು, ಅದಕ್ಕೆಂದು ಹೇರಿದ ತುರ್ತು ಪರಿಸ್ಥಿತಿ 1968ರ ಜನವರಿಯಲ್ಲಿ. 1971ರ ಯುದ್ಧ 13 ದಿನ, ತುರ್ತು 1977ರ ಮಾರ್ಚ್‌ವರೆಗೆ. ನಡುವೆ 1975ರಲ್ಲಿ ಮತ್ತೊಂದು. ಮಳೆ ನಿಂತರೂ ಮಡಿಸದ ಕೊಡೆಯ ಮೇಲೆ ಇನ್ನೊಂದು ಕೊಡೆ!

ಆಗಲೂ ಅಪರೂಪಕ್ಕೊಬ್ಬರು ನುಸುಳಿ ಬಂದರು. ರಾಮಮನೋಹರ ಲೋಹಿಯಾ ಅವರ ಬಂಧನದ ಆದೇಶದಲ್ಲಿ ಬಿಹಾರದ ಜಿಲ್ಲಾಧಿಕಾರಿ 'ಕಾನೂನು ಮತ್ತು ಸುವ್ಯವಸ್ಥೆ' ಎಂದು ಬರೆದಿದ್ದರು. ಬಂಧನಕ್ಕೆ ಅವಕಾಶ ಕೊಡುವ ನಿಯಮದಲ್ಲಿದ್ದದ್ದು 'ಸಾರ್ವಜನಿಕ ಸುವ್ಯವಸ್ಥೆ'. 1965ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹಿದಾಯತುಲ್ಲಾ ರಂಗೋಲಿ ಹಾಕಿದಂತೆ ಒಂದರೊಳಗೊಂದು ಮೂರು ವೃತ್ತ ಬರೆದು ತೋರಿಸಿದರು: ಹೊರಗಿನದು ಕಾನೂನು-ಸುವ್ಯವಸ್ಥೆ, ಒಳಗೆ ಸಾರ್ವಜನಿಕ ಸುವ್ಯವಸ್ಥೆ, ನಟ್ಟನಡುವೆ ದೇಶದ ಭದ್ರತೆ. ಸಾಹೇಬರು ತಪ್ಪು ವೃತ್ತದಲ್ಲಿ ಕಾಲಿಟ್ಟಿದ್ದರು, ಲೋಹಿಯಾ ಹೊರಬಂದರು.

1976ರ ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆ ಕೇಳಿ ಕೋರ್ಟಿಗೆ ಬರಬಹುದೇ ಎಂಬ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಆ ಕಿಂಡಿಯನ್ನೂ ಮುಚ್ಚಿತು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಕೊಂದರೂ ಪರಿಹಾರವಿಲ್ಲವೇ ಎಂದು ವಿಚಾರಣೆ ವೇಳೆ ನ್ಯಾಯಮೂರ್ತಿ ಖನ್ನಾ ಕೇಳಿದ್ದಕ್ಕೆ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದಿದ್ದರು ಅಟಾರ್ನಿ ಜನರಲ್ ನಿರೇನ್ ಡೇ. ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಕಡೆಗೇ ತೀರ್ಪು ಕೊಟ್ಟರು. ಒಪ್ಪದ ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಕುರ್ಚಿ ತಪ್ಪಿತು. ತೀರ್ಪನ್ನು ತಳ್ಳಿಹಾಕಲು 2017ರವರೆಗೆ ಕಾಯಬೇಕಾಯಿತು. ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಲ್ಲಿ.

ಈಗ ಶಾಂತಿಕಾಲ. ಮೈಸೂರಿನಲ್ಲಿ ಒಬ್ಬನನ್ನು ಗೂಂಡಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಮುಂಜಾಗ್ರತೆಗೆಂದು ಒಳಗೆ ಹಾಕಿದರೆ 5 ದಿನದೊಳಗೆ ಕಾರಣ ತಿಳಿಸಬೇಕು, 12 ದಿನದೊಳಗೆ ಸರ್ಕಾರ ಆದೇಶವನ್ನು ಅನುಮೋದಿಸಬೇಕು. ಎಲ್ಲ ಮುಗಿದರೆ ಹೆಚ್ಚೆಂದರೆ 12 ತಿಂಗಳು ಜೈಲು. ಮನೆಯವರು ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ನೋಡಿ ಎಂದು ಕೇಳುವ ಅರ್ಜಿ, ಹಾಕಬೇಕು. ಅಲ್ಲಿ ಗೆಲ್ಲಿಸುವುದು ಹೆಚ್ಚಾಗಿ ಸ್ವಾತಂತ್ರ್ಯದ ಮೇಲಿನ ಭಾಷಣವಲ್ಲ, ಜೆರಾಕ್ಸ್ ಯಂತ್ರ. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ತೆಗೆದ ಎಫ್‌ಐಆರ್ ಪ್ರತಿಯಲ್ಲಿ ಮೊಹರು ಮಾತ್ರ ಕಪ್ಪು ಹಪ್ಪಳದಂತೆ ಕಾಣುತ್ತದೆ, ಉಳಿದ ಸಾಲುಗಳು ಇರುವೆ ಹರಿದಂತೆ. ಓದಲಾಗದ ಪ್ರತಿ ಕೊಟ್ಟರೆ ಆತ ಮನವಿ ಬರೆಯುವುದು ಹೇಗೆ? ಕನ್ನಡ ಬಿಟ್ಟರೆ ಬೇರೆ ಬಾರದವನಿಗೆ ಇಂಗ್ಲಿಷ್ ಕಾಗದ ಕೊಟ್ಟರೂ ಅದೇ ಕಥೆ. ಹೇಗೋ ಬರೆದ ಮನವಿ ಟಪಾಲಿನಲ್ಲಿ ವಾರಗಟ್ಟಲೆ ಮಲಗಿದರೂ ಬಂಧನದ ಆದೇಶ ಬಿದ್ದುಹೋಗಬಹುದು. (ಕಚೇರಿಯ ಸೋಮಾರಿತನವೂ ಒಂದು ಮೂಲಭೂತ ಹಕ್ಕು ಕಾಪಾಡೀತು ಎಂದು ಯಾರಿಗೆ ಗೊತ್ತಿತ್ತು!)

1978ರ 44ನೇ ತಿದ್ದುಪಡಿ ಶಿಕ್ಷೆಯ ವಿಷಯದಲ್ಲಿ ರಕ್ಷಣೆ ಕೊಡುವ 20 ಮತ್ತು ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿಗಳ ತೂಬಿಗೆ ಇನ್ನು ಬೀಗ ಹಾಕುವಂತಿಲ್ಲ ಎಂದಿತು. 22ನೇ ವಿಧಿಯ ಬೀಗದ ಕೈ ಇನ್ನೂ ಸಾಹೇಬರ ಸೊಂಟದಲ್ಲೇ ಇದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು, ಕಾರಣ ತಿಳಿಸುವುದು, ಮನವಿಗೆ ಅವಕಾಶ ಕೊಡುವುದು, ಎಲ್ಲ ಇರುವುದು ಅದರಲ್ಲೇ. ಮುಂದಿನ ಯುದ್ಧದಲ್ಲಿ ರಾಷ್ಟ್ರಪತಿ ಹಾಗೆ ಆದೇಶಿಸಿದರೆ, ಆ ಮಸುಕು ಹಾಳೆ ಕೈಗೆ ಬರದಿದ್ದರೂ 22ರ ಹೆಸರೆತ್ತಿ ಕೋರ್ಟು ಹತ್ತುವಂತಿಲ್ಲ. ಇಲಾಖೆಗೆ ಟೋನರ್ ಖರ್ಚೂ ಉಳಿಯಿತು.