ಪರೀಕ್ಷೆ ಇಲ್ಲದ ಗಣಿತ

ಐವತ್ತರ ಹತ್ತಿರ ಬಂದವನು ಗಣಿತ ಕಲಿಯುತ್ತಿದ್ದೇನೆ ಎಂದರೆ ದಾವಣಗೆರೆಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು. "ಯಾವ ಎಕ್ಸಾಮಿಗೆ?" ಊರಿನ ತಪ್ಪಲ್ಲ ಬಿಡಿ. ಮೆಡಿಕಲ್ಲು, ಇಂಜಿನಿಯರಿಂಗ್ ಕಾಲೇಜು ನೋಡುತ್ತಲೇ ಬೆಳೆದವರು ನಾವು. ಗಣಿತ ಎಂದರೆ ಪಿಯುಸಿ, ಸಿಇಟಿ, ಆಮೇಲೆ ಸೀಟು. ಅದೆಲ್ಲ ಮುಗಿದ ಮೇಲೂ ಒಬ್ಬ ಸುಮ್ನೆ ಲೆಕ್ಕ ಬಿಡಿಸುತ್ತ ಕೂತಿದ್ದರೆ, ಪಾಪ, ಮನೆಯಲ್ಲೇನೋ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತದ ಪುಸ್ತಕದ ಶುರುವಿನಲ್ಲೇ ಇದು ಎಲ್ಲೆಲ್ಲಿ ಬೇಕು ಎಂದು ದೊಡ್ಡ ಪಟ್ಟಿ ಕೊಟ್ಟಿದ್ದಾನೆ. ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವುದು, ಅಡುಗೆ ಕೂಡ ಬರುತ್ತದೆ. ಸಿಇಟಿ ಅದರಲ್ಲಿಲ್ಲ.

ಹಾಗೆ ನೋಡಿದರೆ ನಮ್ಮ ಕಡೆ ಲೆಕ್ಕ ಬಾರದವರು ಕಡಿಮೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಇಳಿಸಿ ನಿಂತ ರೈತನನ್ನು ನೋಡಿ. ತೂಕ ಇಷ್ಟು, ಹಮಾಲಿ ಇಷ್ಟು, ಗೊಬ್ಬರದ ಅಂಗಡಿಯ ಬಾಕಿ ಇಷ್ಟು. ಬಾಕಿ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿಯಬೇಕಾದರೆ ಕ್ವಿಂಟಲಿಗೆ ಎಷ್ಟು ಸಿಗಬೇಕು ಎಂದು ಬಾಯಲ್ಲೇ ಹೇಳುತ್ತಾನೆ. ಅವನ ಮುಂದೆ ಎಕ್ಸ್ ಎಂದು ಬರೆದರೆ ಮಾತ್ರ "ಅದೆಲ್ಲ ನಮಗೆ ಹತ್ತಲ್ಲ ಸಾರ್" ಎಂದು ಎದ್ದು ಹೋಗುತ್ತಾನೆ. ಅಷ್ಟೊತ್ತೂ ಅವನು ಹುಡುಕಿದ್ದು ಎಕ್ಸನ್ನೇ, ಅಲ್ವಾ?

ನಾನು ಸೇರಿದ ಗುಂಪು ಇರುವುದು ಫೋನಿನೊಳಗೆ. ರಾತ್ರಿ ಊಟ ಆದ ಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ. ನಿವೃತ್ತರಿದ್ದಾರೆ, ಮಕ್ಕಳನ್ನು ಮಲಗಿಸಿ ಬರುವ ತಾಯಂದಿರಿದ್ದಾರೆ, ಹೈಸ್ಕೂಲು ಹುಡುಗ ಹುಡುಗಿಯರೂ ಇದ್ದಾರೆ. ಮಕ್ಕಳೇ ಹೆಚ್ಚು ಚುರುಕು. ಅಲ್ಲಿ ಒಂದು ವಿಚಿತ್ರ ಕಟ್ಟುಪಾಡಿದೆ. ಕೇಳಿದವರಿಗೆ ಪೂರ್ತಿ ಉತ್ತರ ಕೊಡುವ ಹಾಗಿಲ್ಲ. "ಅರ್ಥ ಆಗ್ಲಿಲ್ಲ" ಎಂದಷ್ಟೇ ಬರೆಯುವ ಹಾಗೂ ಇಲ್ಲ. ಎಲ್ಲಿಯವರೆಗೆ ಅರ್ಥವಾಯಿತು, ಯಾವ ಸಾಲಿನಲ್ಲಿ ನಿಂತಿತು ಎಂದು ಬರೆಯಬೇಕು. ಇದು ಕಷ್ಟದ ಕೆಲಸ. ಹಾಗೆ ಬರೆಯುತ್ತ ಹೋದಾಗ ಎಷ್ಟೋ ಸಲ ಪ್ರಶ್ನೆ ಅರ್ಧದಲ್ಲೇ ಕರಗಿಬಿಡುತ್ತದೆ. ಬರೆದಿದ್ದನ್ನು ಅಳಿಸಿ ಸುಮ್ಮನಾಗುತ್ತೇನೆ.

ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್? ಸ್ಕೂಲಿನಲ್ಲಿ ಇದನ್ನು ಮಂತ್ರದ ಹಾಗೆ ಒಪ್ಪಿಸಿ ಪಾಸಾದವರು ನಾವೆಲ್ಲ. ಕ್ರಿ.ಶ. 628ರಷ್ಟು ಹಿಂದೆಯೇ ಬ್ರಹ್ಮಗುಪ್ತ ಇದನ್ನು ಧನ, ಋಣ ಎಂದು ಹೇಳಿ ಇಟ್ಟಿದ್ದಾನೆ. ಋಣವನ್ನು ಋಣದಿಂದ ಗುಣಿಸಿದರೆ ಧನ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಎರಡು ಸಾಲ ಸೇರಿ ಆಸ್ತಿ ಆಗುವುದನ್ನು ದಾವಣಗೆರೆಯಲ್ಲಿ ಯಾರೂ ಕಂಡಿಲ್ಲ! ಗುಂಪಿನಲ್ಲಿ ಕೇಳಿದೆ. ಒಂದು ಹುಡುಗಿ ಕೇಳಿದಳು, "ಅಂಕಲ್, ಉತ್ತರ ಬೇಕಾ, ಸುಳಿವು ಸಾಕಾ?" ಮಾನ ಉಳಿಸಿಕೊಳ್ಳಲು ಸುಳಿವು ಸಾಕು ಎಂದೆ. "ಮೈನಸ್ ಎರಡರ ಮಗ್ಗೀನ ಮೇಲಿಂದ ಕೆಳಗೆ ಬರೀರಿ" ಎಂದಳು. ಬರೆದೆ. ಮೂರರಿಂದ ಗುಣಿಸಿದರೆ ಮೈನಸ್ ಆರು, ಎರಡರಿಂದ ಮೈನಸ್ ನಾಲ್ಕು, ಒಂದರಿಂದ ಮೈನಸ್ ಎರಡು, ಸೊನ್ನೆಯಿಂದ ಸೊನ್ನೆ. ಪ್ರತಿ ಸಾಲಿಗೂ ಎರಡೆರಡು ಏರುತ್ತಿದೆ. ಮುಂದಿನ ಸಾಲು ಮೈನಸ್ ಒಂದರದ್ದು. ಏರಿಕೆ ಮುರಿಯಬಾರದು ಎಂದರೆ ಅಲ್ಲಿ ಪ್ಲಸ್ ಎರಡೇ ಬರಬೇಕು. ಇದಕ್ಕೆ ಗಟ್ಟಿ ರುಜುವಾತು ಇನ್ನೂ ಬೇರೆ ಇದೆಯಂತೆ. ಇರಲಿ, ಆ ರಾತ್ರಿಗೆ ಅಷ್ಟು ಸಾಕಾಯಿತು.

ಇದೂ ನಮ್ಮ ಹಳೇ ಪೇಟೆಯ ಗಲ್ಲಿಗಳಲ್ಲಿ ವಿಳಾಸ ಕೇಳಿದ ಹಾಗೆಯೇ. ಪೂರ್ತಿ ದಾರಿ ಯಾರೂ ಹೇಳುವುದಿಲ್ಲ. "ಸೀದಾ ಹೋಗ್ರಿ, ಅಲ್ಲಿ ಇನ್ನೊಬ್ಬರನ್ನ ಕೇಳ್ರಿ" ಅಷ್ಟೇ. ಆದರೆ ಹಾಗೆ ಹೋದ ದಾರಿ ಮರೆಯುವುದಿಲ್ಲ.

ಈಗ ನನಗೆ ಹಿಡಿದಿರುವ ಹುಚ್ಚು ಕಾಪ್ರೇಕರ್ ಅವರದ್ದು. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಸ್ಕೂಲು ಮೇಷ್ಟ್ರಾಗಿದ್ದವರು. 1949ರಲ್ಲಿ ಅವರು ಲೋಕದ ಮುಂದಿಟ್ಟ ಆಟಕ್ಕೆ ಕಳೆಯುವುದು ಗೊತ್ತಿದ್ದರೆ ಸಾಕು. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತಗೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲದಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಗಾಡಿಯ ಕೆಎ 17 ಪ್ಲೇಟು ನೋಡಿ ಶುರು ಮಾಡುತ್ತೇನೆ. 3524 ಎಂದಿಟ್ಟುಕೊಳ್ಳಿ. 5432ರಲ್ಲಿ 2345 ಕಳೆದರೆ 3087. ಆಮೇಲೆ 8730ರಲ್ಲಿ 0378 ಕಳೆದರೆ 8352. ಆಮೇಲೆ 8532ರಲ್ಲಿ 2358 ಕಳೆದರೆ ಬಂತು, 6174. ಅಷ್ಟರಲ್ಲಿ ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ.

ಮಂಡಕ್ಕಿ ಅಂಗಡಿಯಲ್ಲಿ ಗೆಳೆಯನಿಗೆ ಇದನ್ನು ತೋರಿಸಿದೆ. ಅವನು ಮೆಣಸಿನಕಾಯಿ ಕಟ್ಟಿಕೊಟ್ಟ ಕಾಗದದ ಅಂಚಿನಲ್ಲೇ ಎರಡು ಸಂಖ್ಯೆ ಮಾಡಿ ನೋಡಿದ. "ಇದರಿಂದ ಏನು ಉಪಯೋಗ?" ಎಂದ. ಕೇಳಿದವನೇ ಮೂರನೆಯದಕ್ಕೆ ಕೈ ಹಾಕಿದ. ಕಾಗದದಲ್ಲಿ ಎಣ್ಣೆ ಇಲ್ಲದ ಜಾಗ ಮುಗಿಯುವವರೆಗೂ ಬಿಡಲಿಲ್ಲ.

ಕಳೆದಾಗ ಬರುವ ಸಂಖ್ಯೆಗಳೆಲ್ಲ ಒಂಬತ್ತರಿಂದ ಭಾಗವಾಗುತ್ತವೆ. ಅದನ್ನು ನಾನೇ ಗಮನಿಸಿದೆ, ಸ್ವಲ್ಪ ಜಂಬವೂ ಬಂತು. ಯಾಕೆ ಎಂದು ಬರೆದು ನೋಡಿದರೆ ಅದೂ ಸಿಕ್ಕಿತು. ಜೋಡಿಸಿದ ಸಂಖ್ಯೆಯ ತುದಿಯ ಎರಡು ಅಂಕಿಗಳ ವ್ಯತ್ಯಾಸಕ್ಕೆ 999ರ ಗುಣಾಕಾರ, ಮಧ್ಯದ ಎರಡರ ವ್ಯತ್ಯಾಸಕ್ಕೆ 90ರ ಗುಣಾಕಾರ, ಎರಡನ್ನೂ ಕೂಡಿದರೆ ಕಳೆದಾಗ ಬರುವ ಸಂಖ್ಯೆ. ಎರಡರಲ್ಲೂ ಒಂಬತ್ತು ಅಡಗಿ ಕೂತಿದೆ. ಮೂರು ಅಂಕಿಯಲ್ಲಿ ಆಡಿದರೆ ಆಟ 495ಕ್ಕೆ ಬಂದು ನಿಲ್ಲುತ್ತದೆ. ಐದು ಅಂಕಿಗೆ ಹೋದರೆ ಮಾತ್ರ ಎಲ್ಲೂ ನಿಲ್ಲದೆ ಗಿರಗಿರ ಸುತ್ತುತ್ತಲೇ ಇರುತ್ತದೆ. ಯಾಕೆ ಹೀಗೆ ಎಂದು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದೇನೆ. ಸುಳಿವು ಮಾತ್ರ ಕೊಡಿ, ಅದೂ ಭಾನುವಾರದ ಮೇಲೆ ಕೊಡಿ ಎಂದು ಕೆಳಗೆ ಸೇರಿಸಿದ್ದೇನೆ.