ವಂಶವೃಕ್ಷ ಹುಡುಕೋಕೆ ಹೋದವನಿಗೆ ವಂಶವೃಕ್ಷ ತನ್ನಿ ಅಂತಾರೆ

ತಾತನ ತಾತನ ಹೆಸರು ತಿಳಿಯಬೇಕಾದರೆ ನಮ್ಮಲ್ಲಿ ಕೋರ್ಟ್ ಕೇಸ್ ಇರಲೇಬೇಕು. ಜಗಳ ಇಲ್ಲ, ತಕರಾರು ಇಲ್ಲ, ರಾಜರ ಕಾಲದಲ್ಲಿ ಕೊಟ್ಟ ಜಮೀನಿನ ಹಳೇ ಇನಾಂ ರಿಜಿಸ್ಟರ್‌ನಲ್ಲಿ ನಮ್ಮವರ ಹೆಸರು ನೋಡಬೇಕು ಅಷ್ಟೇ ಅಂತ ರೆಕಾರ್ಡ್ ರೂಮಿನ ಮುಂದೆ ನಿಂತು ನೋಡಿ. ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. "ಜಮೀನು ಈಗ ಯಾರ ಹೆಸರಲ್ಲಿದೆ? ನಿಮ್ಮದಲ್ವಾ? ಮತ್ತೆ ನಿಮಗ್ಯಾಕ್ರೀ ಅದು?"

ನಮ್ಮದು ಹಳೇ ಮೈಸೂರು ಸೀಮೆಯ ನೀರಗಂಟಿ ಮನೆತನ. ಕೆರೆಯ ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು, ಇದು ಕೆಲಸ. ಅದಕ್ಕೆ ಸಂಬಳದ ಬದಲು ಒಂದಿಷ್ಟು ಇನಾಂ ಜಮೀನು. ತೋಟಿ, ತಳವಾರ, ಪಟೇಲ, ಶಾನುಭೋಗ ಎಲ್ಲರದ್ದೂ ಇದೇ ಲೆಕ್ಕ. ಕೆಲಸ ಅಪ್ಪನಿಂದ ಮಗನಿಗೆ ಬರುತ್ತಿತ್ತು, ಜಮೀನು ಅದರ ಹಿಂದೆಯೇ ಬರುತ್ತಿತ್ತು. 1961ರ ಕಾಯ್ದೆ ಈ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಜಮೀನು ಸರ್ಕಾರಕ್ಕೆ ಹೋಗಿ, ಆಮೇಲೆ ಹುದ್ದೆ ನಡೆಸುತ್ತಿದ್ದವರಿಗೇ ರೀಗ್ರಾಂಟ್, ಅಂದರೆ ಮತ್ತೆ ಮಂಜೂರು, ಆಯಿತು. ಕಡಿಮೆ ಕಂದಾಯಕ್ಕೆ ಊರನ್ನೇ ಇನಾಂ ಪಡೆದ ಜೋಡಿದಾರರ ಮನೆಯವರಾದರೆ 1954ರ ಇನಾಂ ರದ್ದತಿ ಕಾಯ್ದೆಯ ಫೈಲು ಹುಡುಕಬೇಕು. ದೇವಸ್ಥಾನದ ಜಮೀನು ಅನುಭವಿಸಿದವರಾದರೆ 1955ರ ಕಾಯ್ದೆಯದ್ದು.

ಈ ಕಾಗದಕ್ಕೆ ನಾನ್ಯಾಕೆ ಇಷ್ಟು ಬಾಯಿ ಬಿಡುತ್ತೇನೆ ಅಂದರೆ, ನಮ್ಮಂಥ ಮನೆಗಳಲ್ಲಿ ಇನ್ನೇನೂ ಇಲ್ಲ. ಜಾತಕ ಬರೆಸಿದವರಿಲ್ಲ, ಪತ್ರ ಬರೆದವರಿಲ್ಲ, ಫೋಟೋ ಇಲ್ಲವೇ ಇಲ್ಲ. ನಮ್ಮವರ ಹೆಸರನ್ನು ಶಾಯಿಯಲ್ಲಿ ಬರೆದವನು ಶಾನುಭೋಗ ಒಬ್ಬನೇ. ಅದೂ ಪ್ರೀತಿಯಿಂದಲ್ಲ, ಜಮೀನು ಇತ್ತಲ್ಲ ಅದಕ್ಕೆ. ಇನಾಂ ಮೊದಲು ಯಾರಿಗೆ ಸಿಕ್ಕಿತು, ಈಗ ಅನುಭವಿಸುತ್ತಿರುವವನು ಅವನಿಗೆ ಏನಾಗಬೇಕು ಅನ್ನೋದು ರಿಜಿಸ್ಟರ್‌ನಲ್ಲಿ ಸಿಗುತ್ತದೆ. ರೀಗ್ರಾಂಟ್ ಫೈಲಿನಲ್ಲಿ ತಾನು ಯಾರ ಮಗ, ಅಣ್ಣತಮ್ಮಂದಿರು ಯಾರು ಅಂತ ಅರ್ಜಿದಾರನ ಹೇಳಿಕೆ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಾಲ್ಕೈದು ತಲೆಮಾರು ಎದ್ದು ಬರುತ್ತದೆ. ಇಡೋಕೆ ಬಿಟ್ಟರೆ ತಾನೇ!

ಅರ್ಜಿ ಕೊಟ್ಟೆ. ಬಂದ ಉತ್ತರ: "ನೀವು ಆ ಕುಟುಂಬದವರೇ ಅನ್ನೋದಕ್ಕೆ ವಂಶವೃಕ್ಷ ಲಗತ್ತಿಸಿ." ಸರಿ ಅಂತ ಊರಿನ ಲೆಕ್ಕಿಗರ ಹತ್ತಿರ ಹೋದೆ. ಅವರು ಹೇಳಿದ್ದು: "ಅಷ್ಟು ಹಿಂದಿನವರ ಹೆಸರು ಹಾಕಬೇಕಾದರೆ ಹಳೇ ದಾಖಲೆ ಬೇಕಲ್ಲ, ತಾಲ್ಲೂಕು ಆಫೀಸಿಂದ ತನ್ನಿ." ಇಬ್ಬರೂ ತಮಾಷೆ ಮಾಡುತ್ತಿರಲಿಲ್ಲ. ಗಂಭೀರವಾಗಿಯೇ ಹೇಳಿದರು. ಮಧ್ಯೆ ನಿಂತವನ ಮುಖದಲ್ಲಿ ಏನಾಗುತ್ತಿದೆ ಅಂತ ಇಬ್ಬರೂ ನೋಡಲಿಲ್ಲ.

ಕೊನೆಗೆ ಪರಿಚಯದವರೊಬ್ಬರ ಮಾತಿನ ಮೇಲೆ ಒಂದು ನಕಲು ಬಂತು. ಸೀಲು ಇದೆ, ಸಹಿ ಇದೆ, ದಿನಾಂಕ ಇದೆ. ಆದರೆ ರಿಜಿಸ್ಟರ್ ದೊಡ್ಡದು, ಜೆರಾಕ್ಸ್ ಮೆಷಿನ್ನಿನ ಗಾಜು ಚಿಕ್ಕದು. ಹಾಗಾಗಿ ಎಡಗಡೆಯ ಅರ್ಧ ಮಾತ್ರ ಹೊಡೆದಿದ್ದಾರೆ. ಸರ್ವೆ ನಂಬರ್, ವಿಸ್ತೀರ್ಣ, ಕಂದಾಯ ಎಲ್ಲ ಸ್ಪಷ್ಟ. ಹೆಸರಿನ ಕಾಲಂ ಶುರುವಾಗುವ ಕಡೆ ಕಾಗದ ಮುಗಿದಿದೆ. ಅಂಚಿನಲ್ಲಿ "ಬಿನ್" (ಇಂಥವರ ಮಗ) ಅನ್ನೋದು ಕಾಣಿಸುತ್ತದೆ. ಯಾರು ಬಿನ್ ಯಾರು? ಅದು ಮಾತ್ರ ಇಲ್ಲ! ಇನ್ನೊಂದು ಪುಟ ಹೊಡೆದುಕೊಡಿ ಅಂದರೆ, "ಎಕರೆ ಗುಂಟೆ ಎಲ್ಲ ಬಂದಿದೆಯಲ್ಲ, ಇನ್ನೇನು ಬೇಕು?" ರೀಗ್ರಾಂಟ್ ಫೈಲಿಗಂತೂ "ಕಡತ ಲಭ್ಯವಿಲ್ಲ" ಅಂತ ಒಂದು ಹಿಂಬರಹ. ಇಲ್ಲವಾ, ಹುಡುಕಿಲ್ಲವಾ, ಇಲಿ ತಿಂತಾ? ಒಂದೂ ಬರೆದಿಲ್ಲ.

ಉತ್ತರ ಕರ್ನಾಟಕದ ಗೆಳೆಯನ ಗೋಳು ಇನ್ನೊಂದು ಥರ. ಅವರ ಮನೆಯ ವತನದ (ಹುದ್ದೆಗೆ ಕೊಟ್ಟ ಜಮೀನಿಗೆ ಅಲ್ಲಿನ ಹೆಸರು) ಕಾಗದ ಪೂರ್ತಿ ಸಿಕ್ಕಿದೆ, ಆದರೆ ಮರಾಠಿ ಬರೆಯೋಕೆ ಹಿಂದೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದೆ. ಓದುವವರನ್ನು ಹುಡುಕುತ್ತಾ ಅಲೆಯುತ್ತಿದ್ದಾನೆ.

ಆಫೀಸಿನವರ ಮಾತು ಬಿಡಿ, ಮನೆಯವರೇನು ಕಮ್ಮಿಯಾ? ನಾನು ದಾಖಲೆ ತೆಗೆಸುತ್ತಿದ್ದೇನೆ ಅನ್ನೋ ಸುದ್ದಿ ಊರಿಗೆ ಮುಟ್ಟಿದ್ದೇ ತಡ, ವರ್ಷಗಟ್ಟಲೆ ಮಾತಾಡದ ದೊಡ್ಡಪ್ಪ ಫೋನ್ ಮಾಡಿದರು. "ಏನಪ್ಪಾ, ಪಾಲು ಕೇಳ್ತೀಯಂತೆ?" ಇಲ್ಲ ದೊಡ್ಡಪ್ಪ, ಮುತ್ತಾತನ ಹೆಸರು ಕೇಳ್ತಿದ್ದೀನಿ ಅಂದೆ. "ಹೆಸರು ತಗೊಂಡು ಏನ್ಮಾಡ್ತೀಯ?" ಅಂದರು. ನಂಬಲಿಲ್ಲ. ಅವರ ಹತ್ತಿರ ಜಮೀನು, ಕಂದಾಯದ ವಿವರ ಇರುವ ಒಂದು ಹಳೇ ಪಟ್ಟೆ ಪುಸ್ತಕ ಇದೆ ಅಂತ ಎಲ್ಲರಿಗೂ ಗೊತ್ತು. ಈಗ ಅದು ಬೀರುವಿನಿಂದ ಇನ್ನೆಲ್ಲಿಗೋ ಹೋಗಿದೆಯಂತೆ.

ಹೆಂಗಸರ ಹೆಸರಂತೂ ಕೇಳಲೇಬೇಡಿ. ಗಂಡ ತೀರಿಕೊಂಡು ಖಾತೆ ಹೆಂಡತಿಗೆ ಬಂದಿದ್ದರೆ ಮಾತ್ರ "ಇಂಥವಳು ಕೋಂ ಇಂಥವನು" ಅಂತ ಒಂದು ಸಾಲು. ಗಂಡ ಗಟ್ಟಿಯಾಗಿ ಬದುಕಿದ್ದರೆ ಆಕೆ ಇದ್ದಳು ಅನ್ನೋದಕ್ಕೇ ಗುರುತಿಲ್ಲ.

ರಾಜರು ಕೊಟ್ಟ ದಾನಕ್ಕೆ ಎಂಥ ಮರ್ಯಾದೆ ನೋಡಿ. ಕಲ್ಲಿನಲ್ಲಿ ಕೆತ್ತಿಸಿದರು, ತಾಮ್ರಪಟದಲ್ಲಿ ಬರೆಸಿದರು. ಮೈಸೂರಿನ ಶಾಸನ ಸಂಗ್ರಹಿಸಿದ ಬ್ರಿಟಿಷ್ ವಿದ್ವಾಂಸ ಬಿ. ಎಲ್. ರೈಸ್ 1886ರಿಂದ ಅಂಥ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದರು. ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟಲಿ ಅಂತ ಶಾಪದ ಶ್ಲೋಕ ಬೇರೆ. ದಾಖಲೆ ಕಳೆದವನಿಗೆ, ಅರ್ಧ ಜೆರಾಕ್ಸ್ ಹೊಡೆದವನಿಗೆ ಎಷ್ಟು ಸಾವಿರ ವರ್ಷ ಅಂತ ಮಾತ್ರ ಆ ಪುಣ್ಯಾತ್ಮರು ಬರೆಸಿಡಲಿಲ್ಲ.

2024ರಿಂದ ತಾಲ್ಲೂಕು ಆಫೀಸುಗಳ ಹಳೇ ಕಡತ ಸ್ಕ್ಯಾನ್ ಆಗುತ್ತಿವೆ. ಒಳ್ಳೇದೇ, ಬೇಡ ಅನ್ನೋದಿಲ್ಲ. ಆದರೆ ಹುಡುಕೋದು ಹೇಗೆ? ಸರ್ವೆ ನಂಬರ್ ಹಾಕಿ ಅಂದರೆ ನಮ್ಮಂಥವರಿಗೆ ಏನೂ ಉಪಯೋಗವಿಲ್ಲ. ಜಮೀನು ಕೈಬಿಟ್ಟು ಎರಡು ತಲೆಮಾರಾಯಿತು, ನಂಬರ್ ಯಾರಿಗೆ ನೆನಪಿದೆ? ನಮಗೆ ಗೊತ್ತಿರೋದು ಊರು, ಹುದ್ದೆ, ಒಂದೋ ಎರಡೋ ಹೆಸರು. ಅದನ್ನು ಹಾಕಿ ಹುಡುಕುವ ಹಾಗೆ ಮಾಡಿ ಸ್ವಾಮಿ. ಸ್ಕ್ಯಾನ್ ಮಾಡುವಾಗ ದಯವಿಟ್ಟು ಬಲಗಡೆ ಪುಟವನ್ನೂ ಮಾಡಿ.

ಈಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ನಕಲು ಕೇಳಿಲ್ಲ. ದಾಖಲೆಯನ್ನು ಕಣ್ಣಾರೆ ನೋಡುವ ಹಕ್ಕೂ ಆ ಕಾಯ್ದೆಯಲ್ಲಿದೆ. ರಿಜಿಸ್ಟರ್ ತಂದು ಮೇಜಿನ ಮೇಲಿಡಿ, ಹೆಸರು ನಾನೇ ಬರೆದುಕೊಳ್ಳುತ್ತೇನೆ ಅಂತ ಬರೆದಿದ್ದೇನೆ. 30 ದಿನದ ಗಡುವು ಇದೆ. ಇದಕ್ಕೂ ವಂಶವೃಕ್ಷ ಲಗತ್ತಿಸಿ ಅಂದರೆ ಮೇಲ್ಮನವಿಗೆ ಹೋಗೋದೇ.