ಅಡಿಕೆಯ ಜಾಗದಲ್ಲಿ ಒಂದು ರಾತ್ರಿ

ಶಿರಸಿ ಕಡೆಯ ಹಳೇ ಮನೆಗಳನ್ನು ಕಟ್ಟಿಸಿದ್ದು ಮನುಷ್ಯರಿಗಲ್ಲ, ಅಡಿಕೆಗೆ. ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿ, ಒಂದು ರಾತ್ರಿ ಮಲಗೆದ್ದರೆ ಇದರಲ್ಲಿ ಅನುಮಾನ ಉಳಿಯುವುದಿಲ್ಲ.

ಈಗ ಅಂಥ ಎಷ್ಟೋ ಮನೆಗಳು ಹೋಂಸ್ಟೇ ಆಗಿವೆ. ನಾನು ಹೋಗಿದ್ದು ಮಳೆಗಾಲದಲ್ಲಿ. ದಪ್ಪ ಮಣ್ಣಿನ ಗೋಡೆ, ತಲೆ ಬಗ್ಗಿಸದೆ ದಾಟಲಾಗದ ಬಾಗಿಲು. ಯಜಮಾನರ ಅಜ್ಜನ ಅಜ್ಜ ಕಟ್ಟಿಸಿದ್ದಂತೆ. "ಆಸರಿಗೆ ಏನಾಗ್ಬೋದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುರುಗಲು ಪಾನಕ ತಂದಿಟ್ಟರು. ಆಮೇಲೆ, "ಮೆತ್ತಿನ ಮೇಲೆ ಮಲಗಿ, ಬೆಚ್ಚಗಿರ್ತದೆ" ಎಂದರು.

ಬೆಚ್ಚಗೇ ಇತ್ತು. ಇರಲೇಬೇಕು. ತಂಡಿ ತಾಗಿದರೆ ಅಡಿಕೆಗೆ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದರೆ ದರ ಬಿತ್ತು. ಅದಕ್ಕೇ ಹಲಗೆಯ ನೆಲ, ಕೆಳಗೆ ಅಡುಗೆ ಒಲೆಯ ಬಿಸಿ. ಕಿಟಕಿ ಮಾತ್ರ ಅಂಗೈಯಗಲ. ಬೆಂಗಳೂರಿಂದ ಬಂದವರು ವ್ಯೂ ಇಲ್ಲ ಅಂತ ಗೊಣಗುತ್ತಾರಂತೆ. ಅಡಿಕೆಗೆ ಯಾಕೆ ಬೇಕು ವ್ಯೂ?

ಮೂಲೆಯಲ್ಲಿ ಚಾಲಿಯ ಚೀಲಗಳು ದರ ಏರಲಿ ಎಂದು ಕಾದು ಕೂತಿದ್ದವು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಂದೂವರೆ ತಿಂಗಳು ಬಿಸಿಲಿಗೆ ಹಾಕಿ ಸುಲಿದರೆ ಚಾಲಿ. ಹಸಿರಿದ್ದಾಗಲೇ ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಮೆತ್ತಿನಲ್ಲಿ ನನ್ನ ಜೊತೆಗಾರನಾದ ಈ ಅಡಿಕೆ ಸಾಮಾನ್ಯನಲ್ಲ. ಅವನನ್ನು ಮಾರಿಸಿಕೊಡಲು 1923ರಿಂದ ಇಲ್ಲಿ ತೋಟಗಾರರ ಸಹಕಾರ ಸಂಘವಿದೆ. 2019ರಲ್ಲಿ 'ಸಿರ್ಸಿ ಸುಪಾರಿ' ಎಂದು ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ನನಗಿನ್ನೂ ಅಂಥದ್ದೇನೂ ಸಿಕ್ಕಿಲ್ಲ.

ಮನೆ ಬಿಡಿ, ಕಾಡೂ ಅಡಿಕೆಯ ಚಾಕರಿಯಲ್ಲೇ ಇದೆ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ಕಡಿಯಲು ಬಿಟ್ಟುಕೊಟ್ಟ ಕಾಡು. ಅಲ್ಲಿಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ ಇದು.

ರಾತ್ರಿ ಇಲಿಗಳು ಓಡಾಡಿದವು. ಬಾಡಿಗೆ ಕೊಡದೆ ಇರುವವರು, ಗಲಾಟೆ ಜಾಸ್ತಿ.

ಬೆಳಿಗ್ಗೆ ತೆಳ್ಳೇವು ಎಂಬ ತೆಳು ದೋಸೆ, ತುಪ್ಪ, ಜೋನಿ ಬೆಲ್ಲ. ಎಷ್ಟು ತಿಂದೆ ಅಂತ ಹೇಳುವುದಿಲ್ಲ. ದುಡ್ಡಿನ ಮಾತೆತ್ತಿದ ಕೂಡಲೇ ಯಜಮಾನರು ಕವಳದ (ಎಲೆ ಅಡಿಕೆಯ) ಬಟ್ಟಲು ನನ್ನತ್ತ ತಳ್ಳಿ, ತೋಟದ ಕಡೆ ನೋಡತೊಡಗಿದರು. ಉಣ್ಣಲಿಕ್ಕೆ ಹಾಕಿ ದುಡ್ಡು ಕೇಳಲು ಆ ತಲೆಮಾರಿನವರಿಗೆ ಬಾಯೇ ಬರುವುದಿಲ್ಲ. ಕೊನೆಗೆ ಮಗ ಬಂದು ಫೋನಿನಲ್ಲಿ ಕ್ಯೂಆರ್ ಕೋಡ್ ತೋರಿಸಿದ.

"ಕೊಯ್ಲಿನ ಹೊತ್ತಿಗೆ ಮತ್ತೆ ಬರ್ತೇನೆ, ಅಡಿಕೆ ಬೇಯಿಸೋದು ನೋಡ್ಬೇಕು" ಅಂದೆ.

"ಬನ್ನಿ ಬನ್ನಿ" ಎಂದರು ಯಜಮಾನರು. ಕವಳ ಒಂದು ದವಡೆಗೆ ಸರಿಸಿ, "ಆದ್ರೆ ಆವಾಗ ಮೆತ್ತು ಖಾಲಿ ಇರೋದಿಲ್ಲ. ಜಗಲಿ ಮೇಲೆ ಮಲಗ್ಲಿಕ್ಕೆ ಅಡ್ಡಿಲ್ಲ ಅಲ್ವಾ?"